ಸರ್ವರ್‌ನಲ್ಲಿ ಹಾರ್ಡ್ ಡಿಸ್ಕ್ ಪತ್ತೆಯಾಗದಿರುವ ದೋಷ

ಸರ್ವರ್‌ನಲ್ಲಿ ಹಾರ್ಡ್ ಡಿಸ್ಕ್ ಪತ್ತೆಯಾಗದಿರುವ ದೋಷವೆಂದರೆ, ಸರ್ವರ್ ಗಣಕಯಂತ್ರದಲ್ಲಿ ಅಳವಡಿಸಿರುವ ಹಲವು ಡಿಸ್ಕ್‌ಗಳ ಪೈಕಿ ಒಂದು ಅಥವಾ ಹೆಚ್ಚು ಡಿಸ್ಕ್‌ಗಳು ಯಂತ್ರದ ಪಟ್ಟಿಯಲ್ಲಿ ಕಾಣಿಸದೆ ಹೋಗುವ ಸ್ಥಿತಿ. ಎಂಟು ಡಿಸ್ಕ್‌ಗಳಿರುವ ಯಂತ್ರವು ಆರನ್ನಷ್ಟೇ ತೋರಿಸುವುದು, ನಿನ್ನೆಯವರೆಗೆ ಕಾಣುತ್ತಿದ್ದ ಡಿಸ್ಕ್ ಇಂದು ಯಂತ್ರ ಚಾಲೂ ಮಾಡಿದಾಗ ಇಲ್ಲವಾಗುವುದು, ಹೊಸದಾಗಿ ಹಾಕಿದ ಡಿಸ್ಕ್ ಗುರುತು ಸಿಗದೆ ಉಳಿಯುವುದು ಇದರ ಸಾಮಾನ್ಯ ರೂಪಗಳು. ಪತ್ತೆಯಾಗದ ಡಿಸ್ಕ್ ಕೆಟ್ಟುಹೋದ ಡಿಸ್ಕ್ ಆಗಿರಲೇಬೇಕೆಂದಿಲ್ಲ. ವಿದ್ಯುತ್ ಪೂರೈಕೆ, ಕೇಬಲ್, ನಿಯಂತ್ರಕ, ಯಂತ್ರದ ಸೆಟ್ಟಿಂಗ್ ಅಥವಾ ಆಪರೇಟಿಂಗ್ ಸಿಸ್ಟಂ ಇವುಗಳಲ್ಲಿ ಯಾವುದಾದರೂ ಒಂದರ ಕೊರತೆಯಿಂದಲೂ ಆರೋಗ್ಯವಂತ ಡಿಸ್ಕ್ ಕಣ್ಮರೆಯಾಗಬಹುದು. ಇಂಥ ಸಂದರ್ಭಗಳಲ್ಲಿ ಮೂಲ ದೋಷಕ್ಕಿಂತಲೂ ಅದನ್ನು ಸರಿಪಡಿಸುವ ಅವಸರದಲ್ಲಿ ಇಡುವ ತಪ್ಪು ಹೆಜ್ಜೆಯೇ ದತ್ತಾಂಶದ ನಾಶಕ್ಕೆ ಕಾರಣವಾಗುವುದುಂಟು.

ಹಿನ್ನೆಲೆ

ಕರ್ನಾಟಕದಲ್ಲಿ ಸರ್ವರ್ ಎಂಬ ಯಂತ್ರವು ತಾಲೂಕು ಮಟ್ಟದ ಜನಜೀವನಕ್ಕೆ ಸೇರಿಕೊಂಡದ್ದು ಮುಖ್ಯವಾಗಿ ಭೂಮಿ ಯೋಜನೆಯ ಮೂಲಕ. ರಾಜ್ಯದ ಕಂದಾಯ ಇಲಾಖೆಯು ಎನ್‌ಐಸಿ ಎಂದು ಪರಿಚಿತವಾದ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ತಂತ್ರಾಂಶ ಬಳಸಿ, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕೀಕರಿಸಿತು. 2000ದ ದಶಕದ ಆರಂಭದ ವರ್ಷಗಳಲ್ಲಿ 177 ತಾಲೂಕು ಕೇಂದ್ರಗಳಲ್ಲಿ ಈ ವ್ಯವಸ್ಥೆ ನೆಲೆಗೊಂಡಿತು. ಅಲ್ಲಿಯವರೆಗೆ ಈ ದಾಖಲೆಗಳನ್ನು ಸುಮಾರು 9,000 ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ಕಾಯ್ದುಕೊಂಡು ಬಂದಿದ್ದರು. ಗಣಕೀಕೃತ ಪಹಣಿಯ ಪ್ರತಿಯನ್ನು ಆರಂಭದಲ್ಲಿ 15 ರೂಪಾಯಿ ಶುಲ್ಕಕ್ಕೆ ನೀಡಲಾಗುತ್ತಿತ್ತು.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳೂ ಈ ವ್ಯವಸ್ಥೆಗೆ ಒಳಪಟ್ಟವು. ಚನ್ನಮ್ಮನ ಕಿತ್ತೂರು ಆಗ ಬೈಲಹೊಂಗಲ ತಾಲೂಕಿನ ಭಾಗವಾಗಿತ್ತು. ಮುಂದೆ ಪ್ರತ್ಯೇಕ ತಾಲೂಕಾಯಿತು. ಮುಂಬಯಿ ಕರ್ನಾಟಕದ ರೂಢಿಯಂತೆ ಈ ಭಾಗದ ರೈತರು ಪಹಣಿಯನ್ನು 'ಉತಾರ' ಎಂದೂ ಗ್ರಾಮ ಲೆಕ್ಕಿಗರನ್ನು 'ತಲಾಠಿ' ಎಂದೂ ಕರೆಯುತ್ತಾರೆ. ಬೆಳೆಸಾಲ, ಜಮೀನಿನ ಖರೀದಿ, ವಾರಸಾ ನೋಂದಣಿ, ನ್ಯಾಯಾಲಯದ ವ್ಯಾಜ್ಯ ಎಲ್ಲಕ್ಕೂ ಉತಾರವೇ ಆಧಾರ. ಗಣಕೀಕರಣ ಪೂರ್ಣಗೊಂಡ ತಾಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಅಲ್ಲಿಂದಾಚೆಗೆ ರೈತನ ಹಕ್ಕಿನ ಚಾಲ್ತಿ ದಾಖಲೆಯು ಹಾಳೆಯ ಮೇಲಲ್ಲ, ಡಿಸ್ಕ್‌ನ ಮೇಲೆ ಉಳಿಯಿತು.

ಯೋಜನೆಯ ಆರಂಭಿಕ ಹಂತದಲ್ಲಿ ಪ್ರತಿ ತಾಲೂಕಿನ ದತ್ತಾಂಶವು ಆಯಾ ತಾಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇರುತ್ತಿತ್ತು. ನಂತರದ ವರ್ಷಗಳಲ್ಲಿ ಅದು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. ಆದರೂ ತಾಲೂಕು ಸ್ಥಳಗಳಲ್ಲಿ ಸರ್ವರ್‌ಗಳು ಇಲ್ಲವಾಗಲಿಲ್ಲ. ಸಹಕಾರಿ ಪತ್ತಿನ ಸಂಘಗಳು, ಸಕ್ಕರೆ ಕಾರ್ಖಾನೆಗಳು, ಕಾಲೇಜುಗಳು, ಆಸ್ಪತ್ರೆಗಳು ಮತ್ತು ಮುದ್ರಣಾಲಯಗಳು ನಾಲ್ಕರಿಂದ ಹನ್ನೆರಡು ಡಿಸ್ಕ್‌ಗಳಿರುವ ಸಣ್ಣ ಸರ್ವರ್‌ಗಳನ್ನು ಬಳಸುವುದು ಸಾಮಾನ್ಯ. ಇಂಥ ಕಡೆ ಪೂರ್ಣಾವಧಿಯ ತಂತ್ರಜ್ಞ ಇರುವುದು ವಿರಳ. ಆದ್ದರಿಂದ ಡಿಸ್ಕ್ ಕಾಣೆಯಾದ ಮೊದಲ ಗಂಟೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬ ತಿಳಿವಳಿಕೆ ಕಚೇರಿಯ ಸಾಮಾನ್ಯ ಸಿಬ್ಬಂದಿಗೂ ಅಗತ್ಯವಾಗುತ್ತದೆ.

ಡಿಸ್ಕ್‌ನಿಂದ ಪರದೆಯವರೆಗಿನ ದಾರಿ

ಡಿಸ್ಕ್ ಒಂದು ಪರದೆಯ ಮೇಲೆ ಕಾಣಿಸಿಕೊಳ್ಳಬೇಕಾದರೆ ಹಲವು ಹಂತಗಳನ್ನು ದಾಟಬೇಕು. ಮೊದಲು ಅದಕ್ಕೆ ಸರಿಯಾದ ವಿದ್ಯುತ್ ದೊರೆಯಬೇಕು. ಡಿಸ್ಕ್ ಕುಳಿತಿರುವ ಗೂಡಿನ ಹಿಂಬದಿಯ ಸಂಪರ್ಕ ಫಲಕದೊಂದಿಗೆ, ಅಂದರೆ ಬ್ಯಾಕ್‌ಪ್ಲೇನ್‌ನೊಂದಿಗೆ, ಅದು ಬಿಗಿಯಾಗಿ ಕೂಡಿಕೊಳ್ಳಬೇಕು. ಅಲ್ಲಿಂದ ಕೇಬಲ್ ಮೂಲಕ ನಿಯಂತ್ರಕ ಕಾರ್ಡ್‌ಗೆ ಸಂಕೇತ ತಲುಪಬೇಕು. ನಿಯಂತ್ರಕವನ್ನು ಮದರ್‌ಬೋರ್ಡ್‌ನ ಬಯಾಸ್ ಅಥವಾ ಯುಇಎಫ್‌ಐ ಗುರುತಿಸಬೇಕು. ಬಳಿಕ ಆಪರೇಟಿಂಗ್ ಸಿಸ್ಟಂನಲ್ಲಿ ಆ ನಿಯಂತ್ರಕಕ್ಕೆ ತಕ್ಕ ಚಾಲಕ ತಂತ್ರಾಂಶ ಇರಬೇಕು. ಕೊನೆಯಲ್ಲಿ, ಡಿಸ್ಕ್‌ನ ಮೇಲಿರುವ ವಿಭಾಗಗಳನ್ನೂ ಕಡತ ವ್ಯವಸ್ಥೆಯನ್ನೂ ಸಿಸ್ಟಂ ಓದಲು ಶಕ್ತವಾಗಿರಬೇಕು.

ಇದನ್ನು ತರಗತಿಯ ಹಾಜರಿಗೆ ಹೋಲಿಸಬಹುದು. ಹೆಸರು ಕೂಗಿದಾಗ ಉತ್ತರ ಬರದಿದ್ದರೆ ವಿದ್ಯಾರ್ಥಿ ಗೈರುಹಾಜರೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಹೆಸರು ಹಾಜರಿ ಪುಸ್ತಕಕ್ಕೆ ಏರದೆ ಇರಬಹುದು, ವಿದ್ಯಾರ್ಥಿ ಪಕ್ಕದ ಕೋಣೆಯಲ್ಲಿ ಕುಳಿತಿರಬಹುದು, ಅಥವಾ ಅವನ ಉತ್ತರ ಗದ್ದಲದಲ್ಲಿ ಕೇಳಿಸದೆ ಹೋಗಿರಬಹುದು. ಡಿಸ್ಕ್‌ನ ವಿಷಯದಲ್ಲಿಯೂ 'ಯಾವ ಹಂತದವರೆಗೆ ಕಾಣುತ್ತಿದೆ, ಎಲ್ಲಿಂದ ಮುಂದೆ ಕಾಣುತ್ತಿಲ್ಲ' ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡರೆ ದೋಷದ ಸ್ಥಾನ ಬಹುಮಟ್ಟಿಗೆ ತಿಳಿಯುತ್ತದೆ. ನಿಯಂತ್ರಕದ ಪಟ್ಟಿಯಲ್ಲಿ ಇದ್ದು ಸಿಸ್ಟಂನಲ್ಲಿ ಇಲ್ಲದ ಡಿಸ್ಕ್‌ಗೆ ಕೇಬಲ್ ಬದಲಿಸುವುದು ವ್ಯರ್ಥ. ನಿಯಂತ್ರಕಕ್ಕೇ ಕಾಣದ ಡಿಸ್ಕ್‌ಗಾಗಿ ವಿಂಡೋಸ್ ಅನ್ನು ಮರುಸ್ಥಾಪಿಸುವುದೂ ಅಷ್ಟೇ ವ್ಯರ್ಥ.

ದೋಷವಲ್ಲದ ಸಂದರ್ಭಗಳು

ಕೆಲವು ಸಲ ಡಿಸ್ಕ್‌ಗಳು ಕಾಣೆಯಾದಂತೆ ತೋರಿದರೂ ಯಂತ್ರ ಸರಿಯಾಗಿಯೇ ಇರುತ್ತದೆ. ಇವುಗಳನ್ನು ಮೊದಲೇ ಬೇರ್ಪಡಿಸುವುದು ಉಚಿತ.

ರೇಡ್ ಎಂಬುದು ಹಲವು ಡಿಸ್ಕ್‌ಗಳನ್ನು ಒಂದು ಸಮೂಹವಾಗಿ ಕಟ್ಟುವ ವಿಧಾನ. ನಿಯಂತ್ರಕವು ನಾಲ್ಕು ಡಿಸ್ಕ್‌ಗಳನ್ನು ಒಂದು ರೇಡ್ ಸಮೂಹವಾಗಿ ಕಟ್ಟಿದ್ದರೆ ಆಪರೇಟಿಂಗ್ ಸಿಸ್ಟಂಗೆ ನಾಲ್ಕರ ಬದಲು ಒಂದೇ ದೊಡ್ಡ ಡಿಸ್ಕ್ ಕಾಣುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ರೇಡ್ ನಿಯಂತ್ರಕಕ್ಕೆ ಹೊಸ ಡಿಸ್ಕ್ ಜೋಡಿಸಿದ ಮಾತ್ರಕ್ಕೆ ಅದು ಸಿಸ್ಟಂನಲ್ಲಿ ಕಾಣುವುದಿಲ್ಲ. ಅದನ್ನು ಒಂದು ಸಮೂಹಕ್ಕೆ ಸೇರಿಸುವವರೆಗೆ ಅಥವಾ ನೇರವಾಗಿ ಬಿಟ್ಟುಕೊಡುವಂತೆ ನಿಯಂತ್ರಕಕ್ಕೆ ಸೂಚಿಸುವವರೆಗೆ ಅದು ನಿಯಂತ್ರಕದ ಪಟ್ಟಿಯಲ್ಲಷ್ಟೇ ಇರುತ್ತದೆ.

ವಿಂಡೋಸ್‌ನಲ್ಲಿ ಡಿಸ್ಕ್ 'ಆಫ್‌ಲೈನ್' ಸ್ಥಿತಿಯಲ್ಲಿದ್ದರೆ ಅದಕ್ಕೆ ಡ್ರೈವ್ ಅಕ್ಷರ ದೊರೆಯುವುದಿಲ್ಲ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣದಿದ್ದರೂ ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯಲ್ಲಿ ಅದು ಇರುತ್ತದೆ. ಲಿನಕ್ಸ್‌ನಲ್ಲಿ ಡಿಸ್ಕ್‌ಗಳಿಗೆ ದೊರೆಯುವ ಎಸ್‌ಡಿಎ, ಎಸ್‌ಡಿಬಿ ಮುಂತಾದ ಹೆಸರುಗಳು ಪ್ರತಿ ಚಾಲನೆಯಲ್ಲಿ ಅದಲುಬದಲಾಗಬಹುದು. ಆದ್ದರಿಂದ ಹೆಸರನ್ನು ನಂಬದೆ ಡಿಸ್ಕ್‌ನ ಕ್ರಮಸಂಖ್ಯೆಯನ್ನೇ ಗುರುತಾಗಿ ಬಳಸಬೇಕು.

ಡಿಸ್ಕ್‌ನ ಗಾತ್ರ ಕಡಿಮೆ ಕಾಣುವುದೂ ಹಲವೊಮ್ಮೆ ಗೊಂದಲಕ್ಕೆ ಎಡೆಮಾಡುತ್ತದೆ. ತಯಾರಕರು 1 ಟೆರಾಬೈಟ್ ಎಂದರೆ 1,000 ಗಿಗಾಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1,024ರ ಲೆಕ್ಕ ಹಿಡಿಯುತ್ತದೆ. ಹೀಗಾಗಿ 4 ಟೆರಾಬೈಟ್‌ನ ಡಿಸ್ಕ್ ಅಲ್ಲಿ 3.63 ಎಂದು ಕಾಣುತ್ತದೆ. ಇದು ದೋಷವಲ್ಲ.

ಕಾರಣಗಳು

ವಿದ್ಯುತ್: 3.5 ಅಂಗುಲದ ಡಿಸ್ಕ್ ತಿರುಗುತ್ತಿರುವಾಗ ಬಳಸುವ ವಿದ್ಯುತ್ತಿಗಿಂತ ತಿರುಗಲು ಆರಂಭಿಸುವಾಗ ಬಳಸುವುದು ಹಲವು ಪಟ್ಟು ಹೆಚ್ಚು. ಆರಂಭದ ಕೆಲವು ಸೆಕೆಂಡುಗಳಲ್ಲಿ ಒಂದು ಡಿಸ್ಕ್ 12 ವೋಲ್ಟ್‌ನ ತಂತಿಯಿಂದ ಸುಮಾರು 2 ಆಂಪಿಯರ್, ಅಂದರೆ 24 ವ್ಯಾಟ್‌ನಷ್ಟು ಎಳೆಯುತ್ತದೆ. ಎಂಟು ಡಿಸ್ಕ್‌ಗಳು ಒಟ್ಟಿಗೆ ಎದ್ದರೆ ಇದು 190 ವ್ಯಾಟ್ ಮುಟ್ಟುತ್ತದೆ. ಪವರ್ ಸಪ್ಲೈ ಹಳೆಯದಾಗಿದ್ದರೆ ಕೊನೆಯ ಒಂದೆರಡು ಡಿಸ್ಕ್‌ಗಳು ಏಳದೆ ಉಳಿಯುತ್ತವೆ. ಒಂದು ಚಾಲನೆಯಲ್ಲಿ ಮೂರನೆಯ ಡಿಸ್ಕ್, ಇನ್ನೊಂದರಲ್ಲಿ ಏಳನೆಯದು ಎಂಬಂತೆ ಕಾಣೆಯಾಗುವ ಡಿಸ್ಕ್ ಬದಲಾಗುತ್ತಿದ್ದರೆ ಮೊದಲ ಸಂಶಯ ವಿದ್ಯುತ್ತಿನ ಮೇಲೆ ಹೋಗಬೇಕು. ಡಿಸ್ಕ್‌ಗಳನ್ನು ಒಂದರ ಹಿಂದೊಂದು ಎಬ್ಬಿಸುವ ಸೌಲಭ್ಯ ಹಲವು ಸರ್ವರ್ ನಿಯಂತ್ರಕಗಳಲ್ಲಿ ಇದೆ.

2016ರ ನಂತರದ ಕೆಲವು ಸಾಟಾ ಡಿಸ್ಕ್‌ಗಳಲ್ಲಿ ವಿದ್ಯುತ್ ಸಂಪರ್ಕದ 3ನೆಯ ಪಿನ್‌ಗೆ ಹೊಸ ಅರ್ಥವಿದೆ: ಅಲ್ಲಿ 3.3 ವೋಲ್ಟ್ ಬಂದರೆ ಡಿಸ್ಕ್ ಎಚ್ಚರಗೊಳ್ಳದೆ ನಿಂತೇ ಇರುತ್ತದೆ. ಆ ಪಿನ್‌ಗೆ 3.3 ವೋಲ್ಟ್ ಕೊಡುವ ಹಳೆಯ ಪವರ್ ಸಪ್ಲೈಗಳಿಗೆ ಜೋಡಿಸಿದಾಗ ಇಂಥ ಡಿಸ್ಕ್ ಸತ್ತಂತೆ ತೋರುತ್ತದೆ. ಬೇರೆ ಯಂತ್ರದಲ್ಲಿ ಸರಿಯಾಗಿ ನಡೆಯುತ್ತದೆ.

ಕೇಬಲ್ ಮತ್ತು ಬ್ಯಾಕ್‌ಪ್ಲೇನ್: ಸರ್ವರ್‌ಗಳಲ್ಲಿ ಒಂದು ಕೇಬಲ್ ಸಾಮಾನ್ಯವಾಗಿ ನಾಲ್ಕು ಡಿಸ್ಕ್‌ಗಳ ಸಂಕೇತವನ್ನು ಒಯ್ಯುತ್ತದೆ. ಆದ್ದರಿಂದ ಅಕ್ಕಪಕ್ಕದ ನಾಲ್ಕು ಡಿಸ್ಕ್‌ಗಳು ಒಟ್ಟಿಗೆ ಕಾಣೆಯಾದರೆ ನಾಲ್ಕೂ ಏಕಕಾಲಕ್ಕೆ ಕೆಟ್ಟವೆಂದು ಭಾವಿಸುವುದಕ್ಕಿಂತ ಅವುಗಳ ಕೇಬಲ್ ಸಡಿಲಗೊಂಡಿದೆಯೆಂದು ಊಹಿಸುವುದೇ ಯುಕ್ತ. ಡಿಸ್ಕ್‌ಗಳ ಸ್ವಯಂ ವರದಿಯಾದ 'ಸ್ಮಾರ್ಟ್' ಪಟ್ಟಿಯಲ್ಲಿ 199ನೆಯ ಅಂಶ, ಅಂದರೆ ಸಾಗಣೆಯ ತಪ್ಪುಗಳ ಎಣಿಕೆ ಏರುತ್ತಿದ್ದರೆ ದೋಷ ಬಹುಶಃ ಕೇಬಲ್‌ನಲ್ಲಿದೆ. 5 ಮತ್ತು 197ನೆಯ ಅಂಶಗಳು ಏರುತ್ತಿದ್ದರೆ ಡಿಸ್ಕ್‌ನ ಮೇಲ್ಮೈಯೇ ಹದಗೆಡುತ್ತಿದೆ ಎಂದರ್ಥ.

1990ರ ದಶಕ ಮತ್ತು 2000ದ ಆರಂಭದ ಸರ್ವರ್‌ಗಳಲ್ಲಿ ಬಳಕೆಯಲ್ಲಿದ್ದ ಸಮಾಂತರ ಸ್ಕಸಿ ವ್ಯವಸ್ಥೆಯಲ್ಲಿ ಎಲ್ಲ ಡಿಸ್ಕ್‌ಗಳೂ ಒಂದೇ ಅಗಲವಾದ ಕೇಬಲ್ ಹಂಚಿಕೊಳ್ಳುತ್ತಿದ್ದವು. ಪ್ರತಿ ಡಿಸ್ಕ್‌ಗೂ ಬೇರೆಬೇರೆ ಸಂಖ್ಯೆ ಕೊಡಬೇಕಿತ್ತು. 7ನೆಯ ಸಂಖ್ಯೆಯನ್ನು ಸಾಮಾನ್ಯವಾಗಿ ನಿಯಂತ್ರಕಕ್ಕೆ ಮೀಸಲಿಡಲಾಗುತ್ತಿತ್ತು. ಎರಡು ಡಿಸ್ಕ್‌ಗಳಿಗೆ ಒಂದೇ ಸಂಖ್ಯೆ ಬಿದ್ದರೆ, ಅಥವಾ ಕೇಬಲ್‌ನ ತುದಿಯಲ್ಲಿ ಹಾಕಬೇಕಾದ ಟರ್ಮಿನೇಟರ್ ಬಿಟ್ಟುಹೋದರೆ, ಡಿಸ್ಕ್‌ಗಳು ಕಣ್ಣುಮುಚ್ಚಾಲೆ ಆಡುತ್ತಿದ್ದವು.

ವಿಧ ಮತ್ತು ಸಾಮರ್ಥ್ಯ: ಸ್ಯಾಸ್ ನಿಯಂತ್ರಕಕ್ಕೆ ಸಾಟಾ ಡಿಸ್ಕ್ ಹೊಂದುತ್ತದೆ, ಸಾಟಾ ಸಂಪರ್ಕಕ್ಕೆ ಸ್ಯಾಸ್ ಡಿಸ್ಕ್ ಹೊಂದುವುದಿಲ್ಲ. ವಿಳಾಸಕ್ಕೆ 32 ಬಿಟ್ ಮಾತ್ರ ಬಳಸುವ ಹಳೆಯ ನಿಯಂತ್ರಕಗಳು 2.2 ಟೆರಾಬೈಟ್‌ಗಿಂತ ದೊಡ್ಡ ಡಿಸ್ಕ್‌ಗಳನ್ನು ಗುರುತಿಸುವುದಿಲ್ಲ ಅಥವಾ ತಪ್ಪು ಗಾತ್ರ ತೋರಿಸುತ್ತವೆ. ಇನ್ನೂ ಹಿಂದೆ 28 ಬಿಟ್‌ಗಳ ಕಾಲದಲ್ಲಿ ಈ ಮಿತಿ 137 ಗಿಗಾಬೈಟ್ ಇತ್ತು. ದೊಡ್ಡ ಶೇಖರಣಾ ವ್ಯವಸ್ಥೆಗಳಿಂದ ಬಿಚ್ಚಿ ಮರುಮಾರಾಟಕ್ಕೆ ಬಂದ ಕೆಲವು ಸ್ಯಾಸ್ ಡಿಸ್ಕ್‌ಗಳಲ್ಲಿ ಪ್ರತಿ ಸೆಕ್ಟರ್ 512ರ ಬದಲು 520 ಬೈಟ್ ಇರುತ್ತದೆ. ನಿಯಂತ್ರಕಕ್ಕೆ ಅವು ಕಂಡರೂ ಸಿಸ್ಟಂ ಅವನ್ನು ಬಳಸಲಾರದು.

ಯಂತ್ರದ ಸೆಟ್ಟಿಂಗ್: ಹಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಸ್ಥಾನಕ್ಕೆ ಡಿಸ್ಕ್ ಹಾಕಿದರೆ ಒಂದೆರಡು ಸಾಟಾ ಸಂಪರ್ಕಗಳು ತಾವಾಗಿಯೇ ನಿಷ್ಕ್ರಿಯಗೊಳ್ಳುತ್ತವೆ. ನಾಲ್ಕು ಎನ್‌ವಿಎಂಇ ಡಿಸ್ಕ್‌ಗಳಿರುವ ಸರಳ ಕಾರ್ಡ್ ಒಂದನ್ನು ಹದಿನಾರು ಲೇನ್‌ಗಳ ಸ್ಥಾನಕ್ಕೆ ಹಾಕಿ, ಬಯಾಸ್‌ನಲ್ಲಿ ಆ ಸ್ಥಾನವನ್ನು ನಾಲ್ಕು ನಾಲ್ಕರಂತೆ ವಿಭಜಿಸದಿದ್ದರೆ ನಾಲ್ಕರ ಬದಲು ಒಂದೇ ಡಿಸ್ಕ್ ಕಾಣುತ್ತದೆ.

ಡಿಸ್ಕ್‌ನೊಳಗಿನ ತಂತ್ರಾಂಶ: ಡಿಸ್ಕ್ ಯಾಂತ್ರಿಕವಾಗಿ ಸರಿಯಿದ್ದರೂ ಅದರೊಳಗಿನ ಫರ್ಮ್‌ವೇರ್ ತಪ್ಪಿನಿಂದ ಪತ್ತೆಯಾಗದೆ ಹೋಗಬಹುದು. ಸೀಗೇಟ್ ಕಂಪನಿಯ ಬಾರಾಕುಡಾ 7200.11 ಶ್ರೇಣಿಯ ಕೆಲವು ಡಿಸ್ಕ್‌ಗಳು ಯಂತ್ರ ಚಾಲೂ ಮಾಡಿದಾಗ ಗುರುತು ಸಿಗದಂತಾಗುವ ಸಮಸ್ಯೆಯನ್ನು ಕಂಪನಿ 2009ರಲ್ಲಿ ಒಪ್ಪಿಕೊಂಡು ಹೊಸ ಫರ್ಮ್‌ವೇರ್ ನೀಡಿತು. 2019ರ ನವೆಂಬರ್‌ನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕಂಪನಿಯು ತನ್ನ ಕೆಲವು ಸ್ಯಾಸ್ ಎಸ್‌ಎಸ್‌ಡಿಗಳು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ನಡೆದ ಕೂಡಲೇ ನಿಂತುಹೋಗುತ್ತವೆ ಎಂದು ಎಚ್ಚರಿಸಿತು. ಒಂದೇ ದಿನ ಚಾಲೂ ಮಾಡಿದ ಡಿಸ್ಕ್‌ಗಳು ಒಂದೇ ಹೊತ್ತಿಗೆ ಆ ಗಂಟೆಯನ್ನು ಮುಟ್ಟುವುದರಿಂದ ರೇಡ್‌ನ ರಕ್ಷಣೆಯೂ ಅಲ್ಲಿ ನಿಷ್ಪ್ರಯೋಜಕ.

ಪರಿಶೀಲನೆಯ ಕ್ರಮ

ಪರಿಶೀಲನೆಯ ಮೂಲ ತತ್ವ ಎರಡು: ಡಿಸ್ಕ್‌ಗಳ ಮೇಲೆ ಏನನ್ನೂ ಬರೆಯದಿರುವುದು ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು.

1. ಪರದೆಯ ಮೇಲಿನ ಸಂದೇಶವನ್ನು ಇದ್ದದ್ದು ಇದ್ದಂತೆ ಬರೆದುಕೊಳ್ಳಬೇಕು ಅಥವಾ ಚಿತ್ರ ತೆಗೆದಿಡಬೇಕು. ಯಾವ ಗೂಡಿನ ದೀಪ ಹಸಿರು, ಯಾವುದು ಕೇಸರಿ, ಯಾವುದು ಆರಿದೆ ಎಂಬುದನ್ನೂ ದಾಖಲಿಸಬೇಕು.

2. ಸಾಧ್ಯವಿದ್ದರೆ ಕಾಣುತ್ತಿರುವ ದತ್ತಾಂಶದ ಪ್ರತಿಯನ್ನು ಬೇರೆ ಯಂತ್ರಕ್ಕೆ ತೆಗೆಯಬೇಕು. ಸಮೂಹ ಇನ್ನೂ ನಡೆಯುತ್ತಿದ್ದರೆ ದುರಸ್ತಿಗಿಂತ ಮುಂಚೆ ಮಾಡಬೇಕಾದ ಕೆಲಸ ಇದೇ.

3. ಡಿಸ್ಕ್ ಎಷ್ಟನೆಯ ಹಂತದಲ್ಲಿ ಕಾಣುತ್ತಿದೆ ಎಂದು ನೋಡಬೇಕು: ಮೊದಲು ನಿಯಂತ್ರಕದ ಸ್ವಂತ ಪರದೆ, ನಂತರ ಬಯಾಸ್, ಆಮೇಲೆ ಆಪರೇಟಿಂಗ್ ಸಿಸ್ಟಂ. ನಿಯಂತ್ರಕವೇ ಎಲ್ಲಿಯೂ ಕಾಣದಿದ್ದರೆ ಕಾರ್ಡ್ ತನ್ನ ಸ್ಥಾನದಿಂದ ಸಡಿಲಗೊಂಡಿರುವ ಸಾಧ್ಯತೆ ಇದೆ.

4. ಯಂತ್ರವನ್ನು ಕ್ರಮಬದ್ಧವಾಗಿ ನಿಲ್ಲಿಸಿ, ವಿದ್ಯುತ್ ತಂತಿ ಕಿತ್ತು, ಡಿಸ್ಕ್‌ಗಳ ಗೂಡಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು. ಹೊಸ ನಿಯಂತ್ರಕಗಳಲ್ಲಿ ಹಲವು ಡಿಸ್ಕ್‌ನ ಮೇಲಿನ ಗುರುತಿನಿಂದಲೇ ಕ್ರಮವನ್ನು ತಿಳಿಯುತ್ತವೆ. ಹಳೆಯ ಕೆಲವಕ್ಕೆ ಗೂಡಿನ ಕ್ರಮ ತಪ್ಪಿದರೆ ಸಮೂಹವೇ ಗೊತ್ತಾಗುವುದಿಲ್ಲ.

5. ಕಾಣದ ಡಿಸ್ಕ್ ಅನ್ನು ಹೊರತೆಗೆದು ಸಂಪರ್ಕದ ತುದಿಯಲ್ಲಿ ಧೂಳು, ಕಲೆ ಅಥವಾ ಬಾಗಿದ ಪಿನ್ ಇದೆಯೇ ಎಂದು ನೋಡಿ ಅದೇ ಗೂಡಿಗೆ ಬಿಗಿಯಾಗಿ ಕೂರಿಸಬೇಕು. ಕೇಬಲ್‌ನ ಎರಡೂ ತುದಿಗಳನ್ನು ಒತ್ತಿ ನೋಡಬೇಕು. ಬಹಳಷ್ಟು ಪ್ರಕರಣಗಳು ಇಲ್ಲಿಗೇ ಮುಗಿಯುತ್ತವೆ.

6. ಆಗಲೂ ಕಾಣದಿದ್ದರೆ ಕೇಬಲ್ ಬದಲಿಸಿ ನೋಡಬೇಕು. ದೋಷ ಗೂಡಿನದೋ ಡಿಸ್ಕ್‌ನದೋ ಎಂದು ತಿಳಿಯಲು ಖಾಲಿ ಗೂಡಿಗೆ ಒಂದು ಬಿಡಿ ಡಿಸ್ಕ್ ಹಾಕಿ ಪರೀಕ್ಷಿಸುವುದು ಕ್ಷೇಮ. ದತ್ತಾಂಶವಿರುವ ಡಿಸ್ಕ್‌ಗಳನ್ನು ಪರಸ್ಪರ ಅದಲುಬದಲು ಮಾಡುವುದು ಕ್ಷೇಮವಲ್ಲ.

7. ಡಿಸ್ಕ್‌ನ ಸದ್ದು ಆಲಿಸಬೇಕು. ತಿರುಗುವ ಸದ್ದೇ ಇಲ್ಲದಿದ್ದರೆ ವಿದ್ಯುತ್ ಅಥವಾ ಡಿಸ್ಕ್‌ನ ಮಂಡಲ ಫಲಕ ಕಾರಣವಿರಬಹುದು. ಟಕ್ ಟಕ್ ಎಂಬ ಸದ್ದು ಮರುಕಳಿಸುತ್ತಿದ್ದರೆ ಒಳಗಿನ ಓದುಮುಳ್ಳು ಕೆಟ್ಟಿರುವ ಸೂಚನೆ. ಅಂಥ ಡಿಸ್ಕ್ ಅನ್ನು ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಹಾನಿ ಹೆಚ್ಚುತ್ತದೆ.

ರೇಡ್ ಸಮೂಹದಲ್ಲಿ ವಹಿಸಬೇಕಾದ ಎಚ್ಚರ

ರೇಡ್ 1ರಲ್ಲಿ ಎರಡು ಡಿಸ್ಕ್‌ಗಳು ಪರಸ್ಪರ ಪ್ರತಿಗಳಾಗಿರುತ್ತವೆ. ರೇಡ್ 5 ಒಂದು ಡಿಸ್ಕ್‌ನ ನಷ್ಟವನ್ನು, ರೇಡ್ 6 ಎರಡರ ನಷ್ಟವನ್ನು ತಾಳಿಕೊಳ್ಳುತ್ತದೆ. ಈ ತಾಳಿಕೆಯೇ ಅಪಾಯವನ್ನು ಮರೆಮಾಡುವುದೂ ಉಂಟು: ಒಂದು ಡಿಸ್ಕ್ ಹೊರಬಿದ್ದ ಮೇಲೂ ಕೆಲಸ ನಡೆಯುತ್ತಿರುವುದರಿಂದ ಯಾರೂ ಗಮನಿಸದೆ ದಿನಗಳು ಉರುಳುತ್ತವೆ.

ಉದಾಹರಣೆಗೆ, ಭೂದಾಖಲೆಗಳಿರುವ ಸರ್ವರ್ ಒಂದರಲ್ಲಿ ನಾಲ್ಕು ಡಿಸ್ಕ್‌ಗಳ ರೇಡ್ 5 ಸಮೂಹವಿದೆಯೆಂದು ಭಾವಿಸೋಣ. ಸೋಮವಾರ ಎರಡನೆಯ ಡಿಸ್ಕ್ ಹೊರಬಿದ್ದಿತು. ಎಚ್ಚರಿಕೆಯ ಗಂಟೆಯನ್ನು ಯಾರೋ ನಿಲ್ಲಿಸಿದರು. ಉಳಿದ ಮೂರರ ಮೇಲೆ ಹಕ್ಕು ಬದಲಾವಣೆಯ ಕೆಲಸ ಎಂದಿನಂತೆ ಸಾಗಿತು. ಗುರುವಾರ ಮೊದಲನೆಯ ಡಿಸ್ಕ್‌ನ ಸಂಪರ್ಕ ಸಡಿಲಗೊಂಡು ಸಮೂಹ ನಿಂತುಹೋಯಿತು. ಈಗ ನಿಯಂತ್ರಕದ ಪರದೆಯಲ್ಲಿ ಎರಡು ಡಿಸ್ಕ್‌ಗಳು ಕಾಣೆಯಾಗಿವೆ. ಎರಡರಲ್ಲಿ ಯಾವುದನ್ನು ಬಲವಂತವಾಗಿ ಮರಳಿ ಸೇರಿಸಿದರೂ ಸಮೂಹಕ್ಕೆ ಮೂರು ಡಿಸ್ಕ್‌ಗಳು ದೊರೆತು ಅದು ಎದ್ದು ನಿಲ್ಲುತ್ತದೆ. ಆದರೆ ಎರಡನೆಯ ಡಿಸ್ಕ್‌ನಲ್ಲಿ ಇರುವುದು ಸೋಮವಾರದ ಸ್ಥಿತಿ. ಅದನ್ನು ಗುರುವಾರದ ಡಿಸ್ಕ್‌ಗಳೊಂದಿಗೆ ಬೆರೆಸಿದರೆ ದತ್ತಾಂಶವು ಎರಡು ಕಾಲಗಳ ಕಲಬೆರಕೆಯಾಗುತ್ತದೆ. ಮೇಲ್ನೋಟಕ್ಕೆ ಎಲ್ಲವೂ ಸರಿಯಿದ್ದಂತೆ ತೋರಿ, ಒಬ್ಬನ ಜಮೀನು ಇನ್ನೊಬ್ಬನ ಹೆಸರಿನಲ್ಲಿಯೇ ಉಳಿದಿರಬಹುದು. ದಾಖಲೆಯೇ ಓದಲು ಬಾರದಂತಾಗಿರಬಹುದು. ಕೊನೆಗೆ ಹೊರಬಿದ್ದ ಮೊದಲನೆಯ ಡಿಸ್ಕ್ ಅನ್ನೇ ಮೊದಲು ಮರಳಿಸಬೇಕು ಎಂಬುದು ಇಲ್ಲಿನ ನಿಯಮ. ಯಾವುದು ಯಾವಾಗ ಹೊರಬಿದ್ದಿತೆಂಬುದು ನಿಯಂತ್ರಕದ ದಿನಚರಿಯಲ್ಲಿ ಸಿಗುತ್ತದೆ. ಲಿನಕ್ಸ್‌ನ ತಂತ್ರಾಂಶ ರೇಡ್‌ನಲ್ಲಿ ಪ್ರತಿ ಡಿಸ್ಕ್‌ನ ಮೇಲಿರುವ ಘಟನೆಗಳ ಎಣಿಕೆಯನ್ನು ಹೋಲಿಸಿ ತಿಳಿಯಬಹುದು.

ಕೆಳಗಿನ ಕೆಲಸಗಳನ್ನು ಕಾರಣ ಸ್ಪಷ್ಟವಾಗುವವರೆಗೆ ಮಾಡಬಾರದು:

- ವಿಂಡೋಸ್ ಹೊಸ ಡಿಸ್ಕ್ ಕಂಡಿತೆಂದು 'ಇನಿಷಿಯಲೈಸ್' ಮಾಡಲು ಕೇಳಿದಾಗ ಒಪ್ಪುವುದು. ಅದು ಡಿಸ್ಕ್‌ನ ಆರಂಭದ ಗುರುತುಗಳ ಮೇಲೆ ಹೊಸದಾಗಿ ಬರೆಯುತ್ತದೆ.
- ಬೇರೆ ನಿಯಂತ್ರಕದಿಂದ ಬಂದದ್ದೆಂಬ ಅರ್ಥದಲ್ಲಿ 'ಫಾರಿನ್' ಎಂದು ತೋರಿಸಿದ ಡಿಸ್ಕ್‌ನ ವಿವರವನ್ನು ಅಳಿಸುವುದು. ಆಮದು ಮಾಡಿಕೊಳ್ಳುವ ಆಯ್ಕೆ ಬೇರೆ, ಅಳಿಸುವ ಆಯ್ಕೆ ಬೇರೆ. ಎರಡೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ಇರುತ್ತವೆ.
- ನಿಯಂತ್ರಕವು ಬ್ಯಾಟರಿಯ ನೆರವಿನಿಂದ ಕಾಪಾಡಿಕೊಂಡಿರುವ, ಇನ್ನೂ ಡಿಸ್ಕ್‌ಗೆ ಬರೆಯದ ದತ್ತಾಂಶವನ್ನು ಬಿಟ್ಟುಕೊಡುವುದು.
- ಅಪೂರ್ಣವಾಗಿ ಕೂಡಿದ ಸಮೂಹದ ಮೇಲೆ ಕಡತ ವ್ಯವಸ್ಥೆಯನ್ನು ದುರಸ್ತಿ ಮಾಡುವ ಆದೇಶ ನಡೆಸುವುದು. ಅದು ಸರಿಯಿರುವ ಕಡತಗಳನ್ನೂ ತಪ್ಪೆಂದು ತಿಳಿದು ತಿದ್ದುತ್ತದೆ.
- ಹಳೆಯ ಡಿಸ್ಕ್‌ಗಳನ್ನೇ ಬಳಸಿ ಹೊಸ ಸಮೂಹ ಕಟ್ಟುವುದು.

ಕೆಟ್ಟ ಡಿಸ್ಕ್ ಬದಲಿಸಿದ ನಂತರ ನಡೆಯುವ ಮರುನಿರ್ಮಾಣವೂ ಪರೀಕ್ಷೆಯ ಕಾಲ. 4 ಟೆರಾಬೈಟ್‌ನ ಡಿಸ್ಕ್ ಅನ್ನು ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ತುಂಬಲು 11 ಗಂಟೆಗಿಂತ ಹೆಚ್ಚು ಬೇಕು. ಅಷ್ಟು ಹೊತ್ತು ಉಳಿದ ಹಳೆಯ ಡಿಸ್ಕ್‌ಗಳು ಬಿಡುವಿಲ್ಲದೆ ಓದಬೇಕಾಗುವುದರಿಂದ ಅವುಗಳಲ್ಲಿ ಅಡಗಿದ್ದ ದೋಷಗಳು ಆಗಲೇ ಹೊರಬೀಳುತ್ತವೆ. ಬೇರೆ ಪ್ರತಿ ಇಲ್ಲದ ಅಮೂಲ್ಯ ದತ್ತಾಂಶವಿದ್ದರೆ, ಪ್ರತಿಯೊಂದು ಡಿಸ್ಕ್‌ನ ಯಥಾವತ್ ನಕಲು ತೆಗೆದು ನಕಲುಗಳ ಮೇಲೆ ಪ್ರಯೋಗ ಮಾಡುವುದು ಸರಿಯಾದ ಮಾರ್ಗ.

ಸ್ಥಳೀಯ ಪರಿಸ್ಥಿತಿಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಸೀಮೆಯಂಥ ಕಡೆಗಳಲ್ಲಿ ಈ ದೋಷಕ್ಕೆ ನೆರವಾಗುವ ಕೆಲವು ಅಂಶಗಳಿವೆ. ವಿದ್ಯುತ್ ಹೋಗಿ ಬರುವಾಗ ಎಲ್ಲ ಯಂತ್ರಗಳೂ ಒಮ್ಮೆಲೇ ಚಾಲೂ ಆಗುತ್ತವೆ; ಸೊರಗಿದ ಯುಪಿಎಸ್ ಬ್ಯಾಟರಿ ಆ ಹೊರೆಯನ್ನು ಹೊರಲಾರದು. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕ್‌ಗಳಲ್ಲಿ ಕೆಲವು ಒಮ್ಮೆ ನಿಂತು ತಣ್ಣಗಾದ ಬಳಿಕ ಮತ್ತೆ ಏಳುವುದಿಲ್ಲ. ಆದ್ದರಿಂದ ದೀರ್ಘ ವಿದ್ಯುತ್ ಕಡಿತದ ಮರುದಿನ ಡಿಸ್ಕ್‌ಗಳ ಸಂಖ್ಯೆಯನ್ನು ಎಣಿಸಿ ನೋಡುವ ಪದ್ಧತಿ ಒಳ್ಳೆಯದು.

ಎರೆ ಭೂಮಿಯ ಬೇಸಗೆಯ ಧೂಳು ಫ್ಯಾನ್‌ಗಳ ಮೂಲಕ ಒಳಸೇರಿ ಸಂಪರ್ಕ ಫಲಕಗಳ ಮೇಲೆ ಪದರವಾಗಿ ನಿಲ್ಲುತ್ತದೆ. ಮಳೆಗಾಲದ ತೇವ ಅದಕ್ಕೆ ಸೇರಿದಾಗ ಸಂಪರ್ಕ ಕೆಡುತ್ತದೆ. ಮಲಪ್ರಭಾ ನದಿಯ ದಂಡೆಯಲ್ಲಿರುವ ರಾಮದುರ್ಗ ಮತ್ತು ಸುತ್ತಲಿನ ಗ್ರಾಮಗಳು 2019ರ ಆಗಸ್ಟ್‌ನ ನೆರೆಯಲ್ಲಿ ತೀವ್ರವಾಗಿ ಬಾಧೆಗೊಂಡವು. ನದಿ ಸಮೀಪದ ಕಟ್ಟಡಗಳಲ್ಲಿ ಸರ್ವರ್ ಅನ್ನು ನೆಲಮಟ್ಟದಿಂದ ಎತ್ತರದಲ್ಲಿ, ಸಾಧ್ಯವಾದರೆ ಮೇಲಿನ ಮಹಡಿಯಲ್ಲಿ ಇಡುವುದು ಅಗತ್ಯ. ನೀರು ಹೊಕ್ಕ ಡಿಸ್ಕ್ ಅನ್ನು ಬಿಸಿಲಿಗಿಟ್ಟು ಒಣಗಿಸಿ ಚಾಲೂ ಮಾಡುವುದು ಅತ್ಯಂತ ಅಪಾಯಕರ; ಅದನ್ನು ಚಾಲೂ ಮಾಡದೆಯೇ ದತ್ತಾಂಶ ಮರುಪಡೆಯುವ ಪರಿಣತರಿಗೆ ಒಪ್ಪಿಸಬೇಕು.

ದೂರವೂ ಒಂದು ಅಂಶವೇ. ಕಿತ್ತೂರು ಬೆಳಗಾವಿ ಮತ್ತು ಧಾರವಾಡಗಳ ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿದೆ. ರಾಮದುರ್ಗವಾದರೋ ಜಿಲ್ಲೆಯ ಪೂರ್ವದ ಅಂಚಿನಲ್ಲಿದೆ. ತಂತ್ರಜ್ಞರಾಗಲಿ ಬಿಡಿಭಾಗಗಳಾಗಲಿ ಬೆಳಗಾವಿ ಅಥವಾ ಹುಬ್ಬಳ್ಳಿ-ಧಾರವಾಡದಿಂದ ಬರಬೇಕಾದಾಗ ಒಂದೆರಡು ದಿನ ಕಾಯಬೇಕಾಗಬಹುದು. ಕೌಂಟರ್ ಮುಂದೆ ಸಾಲು ಬೆಳೆಯುತ್ತಿರುವಾಗ ಹೀಗೆ ಕಾಯುವುದು ಕಷ್ಟ. ಸಿಕ್ಕ ಗುಂಡಿಯನ್ನು ಒತ್ತಿ ನೋಡುವ ಆತುರ ಹುಟ್ಟುವುದು ಈ ಅವಧಿಯಲ್ಲಿಯೇ. ಎರಡು ದಿನ ಕೆಲಸ ನಿಂತರೆ ಆಗುವ ತೊಂದರೆಯನ್ನು ಮತ್ತೆ ತುಂಬಿಕೊಳ್ಳಬಹುದು, ಅಳಿಸಿಹೋದ ದಾಖಲೆಯನ್ನು ತುಂಬಿಕೊಳ್ಳಲಾಗದು ಎಂಬುದನ್ನು ಕಚೇರಿಯ ಮುಖ್ಯಸ್ಥರು ನೆನಪಿಡಬೇಕಾಗುತ್ತದೆ.

ಮುನ್ನೆಚ್ಚರಿಕೆಗಳು

ಸರ್ವರ್‌ನ ಹೊರಮೈ ಮೇಲೆ ಗೂಡುಗಳ ನಕ್ಷೆ ಅಂಟಿಸಿ, ಪ್ರತಿ ಗೂಡಿನಲ್ಲಿರುವ ಡಿಸ್ಕ್‌ನ ಕ್ರಮಸಂಖ್ಯೆ, ಸಾಮರ್ಥ್ಯ ಮತ್ತು ಅಳವಡಿಸಿದ ದಿನಾಂಕವನ್ನು ಬರೆದಿಡುವುದು ಅತ್ಯಂತ ಸರಳವಾದ ಹಾಗೂ ಉಪಯುಕ್ತವಾದ ಕ್ರಮ. ಯಾವ ಡಿಸ್ಕ್ ಕಾಣೆಯಾಗಿದೆ ಎಂಬುದು ಆಗ ನಿಮಿಷದಲ್ಲಿ ತಿಳಿಯುತ್ತದೆ. ಸರಿಯಿರುವ ಡಿಸ್ಕ್ ಅನ್ನೇ ಕೆಟ್ಟದ್ದೆಂದು ಕಿತ್ತುಹಾಕುವ ಅನಾಹುತವೂ ತಪ್ಪುತ್ತದೆ. ಅದೇ ವಿಧದ ಒಂದು ಬಿಡಿ ಡಿಸ್ಕ್ ಮತ್ತು ಒಂದು ಬಿಡಿ ಕೇಬಲ್ ಕಪಾಟಿನಲ್ಲಿರಬೇಕು. ಒಂದೇ ತಂಡದಲ್ಲಿ ತಯಾರಾದ ಡಿಸ್ಕ್‌ಗಳನ್ನೇ ಒಂದು ಸಮೂಹದಲ್ಲಿ ತುಂಬದಿರುವುದು ಲೇಸು. ನಿಯಂತ್ರಕದ ಎಚ್ಚರಿಕೆಗಳು ಮಿಂಚಂಚೆಯ ಮೂಲಕ ಒಬ್ಬರಿಗಾದರೂ ತಲುಪುವಂತೆ ಹೊಂದಿಸಬೇಕು.

ರೇಡ್ ಎಂಬುದು ಬ್ಯಾಕಪ್ ಅಲ್ಲ. ಅದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆಯೇ ಹೊರತು ಬೆಂಕಿ, ನೆರೆ, ಕಳವು ಅಥವಾ ತಪ್ಪಾಗಿ ಅಳಿಸಿದ ಆದೇಶದಿಂದ ಕಾಪಾಡುವುದಿಲ್ಲ. ದತ್ತಾಂಶದ ಮೂರು ಪ್ರತಿ, ಎರಡು ಬೇರೆ ವಿಧದ ಮಾಧ್ಯಮ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಎಂಬುದು ವ್ಯಾಪಕವಾಗಿ ಒಪ್ಪಿತವಾದ ಸೂತ್ರ. ಬ್ಯಾಕಪ್ ತೆಗೆದರಷ್ಟೇ ಸಾಲದು. ಕಾಲಕಾಲಕ್ಕೆ ಅದರಿಂದ ಒಂದೆರಡು ಕಡತಗಳನ್ನು ಮರಳಿ ತೆರೆದು ನೋಡಬೇಕು.

ತಾಲೂಕು ಕಚೇರಿಗಳ ಭೂದಾಖಲೆಗಳು ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದ ಮೇಲೆ ಅವುಗಳ ರಕ್ಷಣೆಯ ಹೊಣೆ ಪರಿಣತರ ಕೈಗೆ ಹೋಯಿತು. ಸ್ಥಳೀಯ ಸರ್ವರ್‌ಗಳನ್ನು ಇಂದಿಗೂ ನಂಬಿರುವ ಸಣ್ಣ ಸಂಸ್ಥೆಗಳಲ್ಲಿ ಆ ಹೊಣೆ ಕಚೇರಿಯ ಸಿಬ್ಬಂದಿಯ ಮೇಲೆಯೇ ಇದೆ. ಅಲ್ಲಿ ಡಿಸ್ಕ್ ಕಾಣೆಯಾದ ದಿನ ಮೊದಲು ಬೇಕಾಗುವುದು ಗೂಡುಗಳ ಸರಿಯಾದ ಪಟ್ಟಿ, ಓದಬಲ್ಲ ಒಂದು ಬ್ಯಾಕಪ್ ಮತ್ತು ಪರಿಣತರು ಬರುವವರೆಗೆ ಡಿಸ್ಕ್‌ಗಳ ಮೇಲೆ ಏನನ್ನೂ ಬರೆಯದಿರುವ ಸಂಯಮ.